ಆತ್ಮರಕ್ಷಣೆಗೆ ಗುಂಡು ಹಾರಿಸಿದ ಮೇಲೆ 112ಕ್ಕೆ, ಪೊಲೀಸ್ರಿಗೆ, ಡಾಕ್ಟ್ರಿಗೆ ಏನ್ ಹೇಳ್ಬೇಕು, ಎಲ್ಲಿಗೆ ನಿಲ್ಲಿಸ್ಬೇಕು

ಪಾವಗಡ, ಮಧುಗಿರಿ, ಬಾಗೇಪಲ್ಲಿ, ಶ್ರೀನಿವಾಸಪುರ ಕಡೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆ ಅಂತ ತಗೊಂಡಿರೋ ಲೈಸೆನ್ಸ್ ಬಂದೂಕು ಇನ್ನೂ ಅಲ್ಲಲ್ಲಿ ಇದಾವೆ, ಕಾಡುಹಂದಿ ಓಡ್ಸೋಕೆ ಒಂದೆರಡು ಸಲ ಹೊರಗೆ ಬರುತ್ತೆ, ಎಲೆಕ್ಷನ್ ಬಂದ್ರೆ ಸ್ಟೇಷನ್‌ಗೆ ಹೋಗಿ ಡೆಪಾಸಿಟ್ ಆಗುತ್ತೆ, ಉಳಿದ ಟೈಮು ಬೀರು ಸಂದಿ. ಲೈಸೆನ್ಸ್ ಹೆಂಗೆ ಮಾಡ್ಸೋದು, ರಿನ್ಯೂವಲ್‌ಗೆ ಯಾರ್ನ ಹಿಡೀಬೇಕು ಅಂತ ಎಲ್ರೂ ಕೇಳ್ತಾರೆ. ರಾತ್ರಿ ಎರಡು ಗಂಟೆಗೆ ಮನೆಗೆ ನುಗ್ಗಿದವ್ರ ಮೇಲೆ ಹಾರಿಸಿಬಿಟ್ರೆ ಆಮೇಲಿನ ಒಂದು ಗಂಟೆ ಏನ್ ಮಾಡ್ಬೇಕು, ಯಾರ ಹತ್ರ ಏನ್ ಮಾತಾಡ್ಬೇಕು ಅಂತ ಮಾತ್ರ ಯಾರೂ ಕೇಳಲ್ಲ, ಕೇಸ್ ನಿಲ್ಲೋದೂ ಬೀಳೋದೂ ಬಹುಪಾಲು ಆ ಒಂದು ಗಂಟೇಲೇ.

ಈ ವಿಷ್ಯದಲ್ಲಿ ಎರಡು ಥರ ಸಲಹೆ ಓಡಾಡ್ತಿದೆ. ಒಂದು ಯೂಟ್ಯೂಬಲ್ಲಿ ಅಮೆರಿಕದೋರ ವಿಡಿಯೋ ನೋಡಿದ ಹುಡುಗರದ್ದು, ಲಾಯರ್ ಬರೋವರೆಗೂ ಬಾಯೇ ಬಿಡ್ಬಾರ್ದು ಅಂತ. ಇನ್ನೊಂದು ಊರ ದೊಡ್ಡೋರದ್ದು, ನಿಂದೇನ್ ತಪ್ಪಿದೆಯಪ್ಪ, ಎಲ್ಲಾ ಬಿಚ್ಚಿ ಹೇಳ್ಬಿಡು ಅಂತ. ನಮ್ಮ ಕಾನೂನಿಗೆ ಎರಡೂ ಸರಿಹೊಂದಲ್ಲ. ಅಮೆರಿಕದಲ್ಲಿ 1966ರ ಮಿರಾಂಡಾ ತೀರ್ಪು ಇದೆ, ಸುಮ್ನಿರೋ ಹಕ್ಕಿದೆ ಅಂತ ವಿಚಾರಣೆಗೆ ಮುಂಚೆ ಪೊಲೀಸ್ರೇ ಹೇಳ್ಬೇಕು, ಅಲ್ಲಿನ ಪದ್ಧತಿ ಬೇರೆ. ನಮ್ಮಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ ಪ್ರಕಾರ ಆತ್ಮರಕ್ಷಣೆಗೆ ಮಾಡ್ದೆ ಅನ್ನೋದನ್ನ ತೋರಿಸ್ಬೇಕಾದ ಭಾರ ನಿಮ್ಮ ಮೇಲೇ ಇರುತ್ತೆ. ಪ್ರಾಸಿಕ್ಯೂಷನ್ ಥರ ಸಂಶಯಕ್ಕೆ ಎಡೆ ಇಲ್ದಂಗೆ ಪ್ರೂವ್ ಮಾಡ್ಬೇಕಿಲ್ಲ, ಹಿಂಗೇ ಆಗಿರೋ ಸಾಧ್ಯತೆ ಜಾಸ್ತಿ ಅಂತ ಕೋರ್ಟಿಗೆ ಅನ್ಸಿದ್ರೆ ಸಾಕು, ಆದ್ರೆ ಆ ಮಾತು ಮೊದಲ ದಿನದಿಂದ ದಾಖಲೆಯಲ್ಲಿ ಇರ್ಬೇಕು. ಎರಡು ವರ್ಷ ಬಿಟ್ಟು ಟ್ರಯಲ್‌ನಲ್ಲಿ ಮೊದಲ ಸಲ ಹೇಳಿದ್ರೆ ಆಮೇಲೆ ಕಟ್ಟಿದ ಕತೆ ಅಂತಾರೆ. ಅದಕ್ಕೇ ನನ್ನ ಲೆಕ್ಕ ಇಷ್ಟೇ: ಹಲ್ಲೆ ಆಯ್ತು, ಪ್ರಾಣ ಉಳಿಸ್ಕೊಳ್ಳೋಕೆ ಹಾರಿಸ್ದೆ ಅನ್ನೋ ಮಾತು ಬೇಗ, ಎಲ್ಲಾ ಕಡೆ, ಒಂದೇ ಥರ ದಾಖಲಾಗ್ಬೇಕು. ಅದರಾಚೆಗಿನ ವಿವರ ವಕೀಲರು ಪಕ್ಕದಲ್ಲಿ ಕೂತ ಮೇಲೆ.

ಹಾರಿಸೋ ಹಕ್ಕು ಎಲ್ಲಿವರೆಗೆ ಇದೆ

ಇದು ಗೊತ್ತಿಲ್ದೆ ಮಾತಾಡೋಕೆ ಹೋದ್ರೆ ನಿಮ್ಮ ಬಾಯಿಂದ್ಲೇ ಕೇಸ್ ಕೆಡುತ್ತೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆತ್ಮರಕ್ಷಣೆ ಬಗ್ಗೆ ಹಳೇ 96ರಿಂದ 106ನೇ ಸೆಕ್ಷನ್ ಇದ್ದಿದ್ದು ಈಗ 34ರಿಂದ 44. ದೇಹದ ರಕ್ಷಣೆಗೆ ಎದುರಾಳಿ ಪ್ರಾಣ ಹೋದ್ರೂ ಅಪರಾಧ ಆಗದಿರೋ ಸಂದರ್ಭಗಳು 38ರಲ್ಲಿವೆ: ಸಾಯಿಸ್ತಾರೆ ಅಥವಾ ತೀವ್ರ ಗಾಯ ಮಾಡ್ತಾರೆ ಅನ್ನೋ ನ್ಯಾಯವಾದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಇಂಥವು. ಆಸ್ತಿ ವಿಷ್ಯಕ್ಕೆ 41: ದರೋಡೆ, ಸೂರ್ಯ ಮುಳುಗಿ ಹುಟ್ಟೋದ್ರೊಳಗೆ ಮನೆ ಒಡೆದು ನುಗ್ಗೋದು, ವಾಸದ ಮನೆಗೆ ಬೆಂಕಿ ಇಡೋದು, ಇಲ್ಲಾ ಕಳ್ಳತನನೇ ಆದ್ರೂ ಪ್ರಾಣಕ್ಕೆ ಕುತ್ತು ಅನ್ನೋ ಭಯ ಹುಟ್ಟಿಸೋ ಪರಿಸ್ಥಿತಿ.

ಬರೀ ಕಳ್ಳತನಕ್ಕೆ ಆ ಹಕ್ಕು ಇಲ್ಲ, ಇದನ್ನ ನಮ್ಮ ಕಡೆಯೋರು ಗಟ್ಟಿಯಾಗಿ ತಲೇಲಿ ಇಟ್ಕೊಬೇಕು. ಬೋರ್‌ವೆಲ್ ಕೇಬಲ್ ಕೊಯ್ಕೊಂಡು ಹೋಗೋನು, ಗುಬ್ಬಿ ಕಡೆ ಅಡಿಕೆ ಗೊನೆ ಇಳಿಸೋನು, ಕೋಲಾರದಲ್ಲಿ ರೇಟ್ ಬಂದಾಗ ಟೊಮ್ಯಾಟೊ ಕ್ರೇಟ್ ಎತ್ಕೊಂಡು ಹೋಗೋನು, ಹಟ್ಟಿಯಿಂದ ಕುರಿ ಹೊಡ್ಕೊಂಡು ಹೋಗೋನು, ಇವ್ರ ಬೆನ್ನಿಗೆ ಹಾರಿಸಿದ್ರೆ ಅದು ಆತ್ಮರಕ್ಷಣೆ ಅಲ್ಲ. ಎಷ್ಟೇ ಹೊಟ್ಟೆ ಉರಿದ್ರೂ ಅಲ್ಲ. ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡೋ ಹಾಗಿಲ್ಲ ಅಂತ 37 ಹೇಳುತ್ತೆ, ಅಪಾಯ ಮುಗಿದ ಕ್ಷಣಕ್ಕೆ ಹಕ್ಕೂ ಮುಗಿಯುತ್ತೆ. ಹಂಗಂತ ಚಿನ್ನದ ತಕ್ಕಡೀಲಿ ತೂಗಿ ನೋಡಲ್ಲ ಅಂತ ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಕೇಸಲ್ಲಿ ಹೇಳಿದೆ, ಆ ಗಾಬರಿಯಲ್ಲಿದ್ದವನ ಜಾಗದಲ್ಲಿ ನಿಂತು ನೋಡ್ಬೇಕು ಅಂತ. ಹಕ್ಕು ಮೀರಿ ಹೋಗಿದ್ರೂ ಸದುದ್ದೇಶ ಇತ್ತು ಅಂತಾದ್ರೆ 101ರ ಎರಡನೇ ಅಪವಾದದಲ್ಲಿ ಕೊಲೆ ಅನ್ನೋದು ಕೊಲೆಯಲ್ಲದ ನರಹತ್ಯೆಗೆ ಇಳಿಯುತ್ತೆ.

ಹೆಜ್ಜೆ 1: ನಿಲ್ಲಿಸಿ, ಬಂದೂಕು ಕೆಳಗಿಡಿ

ಅವ್ರು ಓಡಿದ್ರಾ, ಬಿಟ್ಬಿಡಿ. ಅಟ್ಟಿಸ್ಕೊಂಡು ಹೊಲಕ್ಕೆ ಹೋಗ್ಬೇಡಿ, ಬಿದ್ದವನಿಗೆ ಒದೀಬೇಡಿ, ಊರೋರು ಬಂದು ಕಂಬಕ್ಕೆ ಕಟ್ಟಿ ಹೊಡಿಯೋಕೆ ಶುರು ಮಾಡಿದ್ರೆ ತಡೀರಿ, ಯಾಕಂದ್ರೆ ಆಮೇಲೆ ಬಿದ್ದ ಒಂದೊಂದು ಏಟೂ ನಿಮ್ಮ ತಲೆಗೇ ಬರುತ್ತೆ. ಮನೆ ಮಂದಿ, ಮಕ್ಕಳನ್ನ ಒಂದು ರೂಮಿಗೆ ಸೇರಿಸಿ. ಅಪಾಯ ಇಲ್ಲ ಅಂತ ಖಾತ್ರಿ ಆದ ಮೇಲೆ ಬಂದೂಕು ಕೈಯಿಂದ ಕೆಳಗಿಡಿ, ಯಾರ ಕೈಗೂ ಸಿಗದ ಕಡೆ, ಆದ್ರೆ ನೀವು ಬೆರಳು ಮಾಡಿ ತೋರಿಸೋ ಹಾಗಿರ್ಬೇಕು. ಒರೆಸೋದು, ತೊಳೆಯೋದು, ಖಾಲಿ ತೋಟಾ (ಕಾಟ್ರಿಜ್) ಎತ್ತಿ ಜೇಬಿಗೆ ಹಾಕ್ಕೊಳ್ಳೋದು, ಭಯಕ್ಕೆ ಬಂದೂಕನ್ನ ಬಾವಿಗೆ ಎಸೆಯೋದು, ಇವೆಲ್ಲ ಸಾಕ್ಷ್ಯ ನಾಶ, ನ್ಯಾಯ ಸಂಹಿತೆಯ 238ನೇ ಸೆಕ್ಷನ್, ಅದೇ ಬೇರೆ ಕೇಸು.

ಹೆಜ್ಜೆ 2: 112, ನೀವೇ ಮೊದಲು

ಗಾಯಾಳು ಕಡೆಯೋರು ಮೊದಲು ಫೋನ್ ಮಾಡೋಕೆ ಬಿಡ್ಬೇಡಿ, ಮೊದಲು ಮಾಡಿದವ್ರ ಮಾತೇ ಕತೆಯ ತಲೆಬರಹ ಆಗಿಬಿಡುತ್ತೆ. 112 ಒಂದೇ ಸಾಕು, ಪೊಲೀಸ್, ಆಂಬುಲೆನ್ಸ್ ಎರಡನ್ನೂ ಅಲ್ಲೇ ಕೇಳಿ, ಕೈ ಬಿಡುವಿದ್ರೆ ಮನೇಲಿ ಇನ್ನೊಬ್ರ ಕೈಲಿ 108ಕ್ಕೂ ಮಾಡ್ಸಿ. ಈ ಕಾಲ್ ರೆಕಾರ್ಡ್ ಆಗುತ್ತೆ, ನಿಮ್ಮ ದನಿ, ಟೈಮು ಎರಡೂ ಸಾಕ್ಷಿನೇ.

ಫೋನ್ ಎತ್ತೋರಿಗೆ ನಿಮ್ಮೂರು ಗೊತ್ತಿರಲ್ಲ, ಒಂದೇ ಹೆಸರಿನ ಹಳ್ಳಿ ತಾಲ್ಲೂಕಿಗೆ ಎರಡೆರಡು ಇರ್ತವೆ, ಅದಕ್ಕೆ ಜಿಲ್ಲೆಯಿಂದ ಶುರು ಮಾಡಿ. ಬಾಗೇಪಲ್ಲಿ, ಪಾವಗಡ ಗಡಿ ಊರುಗಳಲ್ಲಿ ಟವರ್ ಆಂಧ್ರದ್ದು ಹಿಡಿದು ಕಾಲ್ ಆ ಕಡೆ ಹೋದ್ರೆ ಗಾಬರಿ ಆಗಿ ಕಟ್ ಮಾಡ್ಬೇಡಿ, ಕರ್ನಾಟಕ ಅಂತ ಮೊದ್ಲು ಹೇಳಿ. ಹೇಳ್ಬೇಕಾದ್ದು ಇಷ್ಟೇ:

"ಸಾರ್, ಕರ್ನಾಟಕ, ತುಮಕೂರು ಜಿಲ್ಲೆ, ಮಧುಗಿರಿ ತಾಲ್ಲೂಕು, ಮಿಡಿಗೇಶಿ ಹೋಬಳಿ, ಇಂಥ ಊರು, ಹಾಲಿನ ಡೈರಿ ದಾಟಿದ ಮೇಲೆ ಎಡಕ್ಕೆ ತೋಟದ ಮನೆ. ನಾಲ್ಕು ಜನ ಬಾಗಿಲು ಒಡೆದು ನುಗ್ಗಿದ್ರು, ಮಚ್ಚಿಂದ ನಮ್ಮ ಮೇಲೆ ಹಲ್ಲೆ ಮಾಡಿದ್ರು. ಪ್ರಾಣ ಉಳಿಸ್ಕೊಳ್ಳೋಕೆ ಲೈಸೆನ್ಸ್ ಬಂದೂಕಿಂದ ಗುಂಡು ಹಾರಿಸಿದ್ದೀನಿ. ಒಬ್ರಿಗೆ ಪೆಟ್ಟಾಗಿದೆ, ನಮ್ಮಪ್ಪನಿಗೂ ಗಾಯ ಆಗಿದೆ. ಆಂಬುಲೆನ್ಸ್ ಬೇಕು, ಪೊಲೀಸ್ ಬೇಕು. ಬಂದೂಕು ಕೆಳಗಿಟ್ಟಿದ್ದೀನಿ, ಅಂಗಳದಲ್ಲಿ ಲೈಟ್ ಹಾಕ್ಕೊಂಡು ನಿಂತಿರ್ತೀನಿ, ಬಿಳಿ ಬನಿಯನ್, ಪಂಚೆ."

ಮುಗೀತು. ಅವ್ರು ಇನ್ನೂ ಕೇಳಿದ್ರೆ ದಾರಿ ಮತ್ತೆ ಹೇಳಿ, ಗಾಯಾಳು ಉಸಿರಾಡ್ತಿದಾನಾ ಅಂದ್ರೆ ಅದನ್ನ ಹೇಳಿ, ಹೆಂಗಾಯ್ತು ಯಾಕಾಯ್ತು ಅಂದ್ರೆ ಪೊಲೀಸ್ರು ಬಂದ ಮೇಲೆ ಹೇಳ್ತೀನಿ ಸಾರ್ ಅನ್ನಿ. "ಹಾರಿಸಿದ್ದೀನಿ" ಅಂತ ಒಪ್ಕೊಳ್ಳೋದು ಸರಿನಾ ಅಂತ ಕೆಲವ್ರು ವಾದ ಮಾಡ್ತಾರೆ. ಬಂದೂಕು ನಿಮ್ಮ ಹೆಸರಲ್ಲಿದೆ, ಸದ್ದು ಅರ್ಧ ಊರು ಕೇಳಿದೆ, ಮುಚ್ಚಿಡೋಕೆ ಏನಿದೆ ಅಲ್ಲಿ? ಆತ್ಮರಕ್ಷಣೆ ಅಂದ್ರೇನೇ ಮಾಡಿದ್ದು ಹೌದು, ಮಾಡೋಕೆ ಕಾರಣ ಇದು ಅನ್ನೋ ವಾದ. ಮಾಡೇ ಇಲ್ಲ ಅಂತ ಶುರು ಮಾಡಿ ಆಮೇಲೆ ಇದಕ್ಕೆ ಬಂದ್ರೆ ಎರಡೂ ಹೋಗುತ್ತೆ.

ಗಾಯಾಳುಗೆ ಹತ್ರ ಹೋಗೋದು ಸೇಫ್ ಅನ್ಸಿದ್ರೆ ರಕ್ತ ಹೋಗೋ ಕಡೆ ಬಟ್ಟೆ ಒತ್ತಿ ಹಿಡೀರಿ, ಸೇಫ್ ಇಲ್ಲ ಅಂದ್ರೆ ದೂರ ನಿಂತು ಆಂಬುಲೆನ್ಸ್ ಕರೆದಿದ್ದೇ ಸಾಕು. ಬಿದ್ದವನ ಪ್ರಾಣ ಉಳಿದ್ರೆ ನಿಮಗೂ ಒಳ್ಳೇದು, ಕೊಲೆ ಕೇಸಿಗೂ 109ರ ಕೊಲೆ ಯತ್ನದ ಕೇಸಿಗೂ ಬೇಲ್ ವಿಷ್ಯದಲ್ಲಿ ಭೂಮಿ ಆಕಾಶದ ವ್ಯತ್ಯಾಸ.

ಹೆಜ್ಜೆ 3: ಪೊಲೀಸ್ರು ಬರೋವರೆಗೂ ಜಾಗ ಹಂಗೇ ಇರ್ಲಿ

ಮುರಿದ ಚಿಲಕ, ಜಗಲಿ ಮೇಲೆ ಬಿದ್ದಿರೋ ಮಚ್ಚು, ಓಡೋವಾಗ ಬಿಟ್ಟೋದ ಒಂದು ಕಾಲಿನ ಚಪ್ಪಲಿ, ಗೋಡೆ ಮೇಲಿನ ಚರೆ (ಸಣ್ಣ ಗುಂಡಿನ) ಗುರುತು, ಅಡಿಕೆ ಮೂಟೆ ಕೆಳಗೆ ಉರುಳಿ ಹೋಗಿರೋ ಖಾಲಿ ತೋಟಾ, ಇವು ನಿಮಗಿಂತ ಚೆನ್ನಾಗಿ ಮಾತಾಡ್ತವೆ. ಮನೇಲಿ ಯಾರಾದ್ರೂ ರಕ್ತ ಕಂಡು ಬಕೆಟ್ ನೀರು ತಗೊಂಡು ತೊಳೆಯೋಕೆ ಶುರು ಮಾಡೇ ಮಾಡ್ತಾರೆ, ನಿಲ್ಲಿಸಿ. ಮಚ್ಚಿನ ಮೇಲೆ ಒಂದು ಮಂಕರಿ ಕವುಚಿ ಹಾಕಿದ್ರೂ ತಪ್ಪಿಲ್ಲ, ಕೋಳಿ ನಾಯಿ ತುಳಿಯಲ್ಲ, ಆದ್ರೆ ಹಂಗೆ ಕವುಚಿದ್ದು ನಾವೇ ಅಂತ ಪೊಲೀಸ್ರಿಗೆ ಹೇಳಿ. ಮೊಬೈಲಲ್ಲಿ ಫೋಟೋ ತೆಗೆದಿಡಿ, ಯಾರಿಗೂ ಕಳಿಸ್ಬೇಡಿ.

ಸಿಸಿಟಿವಿ ಇದ್ರೆ ಡಿವಿಆರ್ (ರೆಕಾರ್ಡ್ ಆಗೋ ಪೆಟ್ಟಿಗೆ) ಮುಟ್ಟೋಕೆ ಹೋಗ್ಬೇಡಿ, ಪೊಲೀಸ್ರಿಗೆ ತೋರಿಸಿ, ಜಪ್ತಿ ಮಾಡಿ ಅಂತ ನೀವೇ ಕೇಳಿ. ಹಾರ್ಡ್‌ಡಿಸ್ಕ್ ತುಂಬಿದ್ರೆ ಹಳೇದು ಅಳಿಸ್ಕೊಂಡು ಹೋಗುತ್ತೆ, ಪಕ್ಕದ ಮನೆ, ಡೈರಿ, ಪೆಟ್ರೋಲ್ ಬಂಕ್ ಕ್ಯಾಮೆರಾಗಳೂ ಅಷ್ಟೇ, ಅವನ್ನ ತರಿಸ್ಕೊಳ್ಳಿ ಅಂತ ಬರೆದು ಕೊಡಿ. ಕೋರ್ಟಲ್ಲಿ ನಿಲ್ಲೋಕೆ ಸಾಕ್ಷ್ಯ ಅಧಿನಿಯಮ 63ರ ಸರ್ಟಿಫಿಕೇಟ್ ಬೇಕು, ಅದು ವಕೀಲರ ಕೆಲಸ.

ಈ ಹೊತ್ತಲ್ಲಿ ಫೋನ್ ಮಾಡ್ಬೇಕಾದ್ದು ಇನ್ನಿಬ್ರಿಗೆ ಮಾತ್ರ, ಒಬ್ರು ಕ್ರಿಮಿನಲ್ ಸೈಡ್ ವಕೀಲ್ರು, ಇನ್ನೊಬ್ರು ಮನೆ ಕಡೆ ನೋಡ್ಕೊಳ್ಳೋ ನಂಟ್ರು. ವಾಟ್ಸಾಪ್ ಸ್ಟೇಟಸ್, ವಾಯ್ಸ್ ಮೆಸೇಜ್, ಭಾವನಿಗೆ ಫೋನ್ ಮಾಡಿ "ಹೊಡ್ದಾಕ್ಬಿಟ್ಟೆ ಮಗಂದು" ಅನ್ನೋದು ಬೇಡವೇ ಬೇಡ. ಪೊಲೀಸ್ರ ಮುಂದೆ ಹೇಳಿದ ತಪ್ಪೊಪ್ಪಿಗೆನ ಕೋರ್ಟಲ್ಲಿ ಹಾಗೇ ಬಳಸೋಕೆ ಆಗಲ್ಲ, ಆದ್ರೆ ಭಾವನಿಗೆ ಹೇಳಿದ್ದನ್ನ ಬಳಸ್ಬೋದು, ಭಾವನ್ನೇ ಸಾಕ್ಷಿ ಮಾಡ್ತಾರೆ.

ಹೆಜ್ಜೆ 4: ಜೀಪ್ ಬಂದಾಗ

ಕೈ ಖಾಲಿ, ಕಾಣೋ ಹಾಗೆ. ಪಿಎಸ್‌ಐ ಇಳಿದ ತಕ್ಷಣ ಗುಂಪು ಕಟ್ಕೊಂಡು ಎಲ್ರೂ ಒಟ್ಟಿಗೆ ಮಾತಾಡ್ಬೇಡಿ. ಲೈಸೆನ್ಸ್ ಬುಕ್ ಕೈಗೆ ಸಿಗೋ ಕಡೆ ಇರ್ಲಿ. ಬಂದೂಕು ಎಲ್ಲಿದೆ, ಲೋಡ್ ಆಗಿದೆಯಾ ಇಲ್ವಾ ಹೇಳಿ, ಎತ್ಕೊಡಕ್ಕೆ ಹೋಗ್ಬೇಡಿ, ಅವ್ರೇ ಎತ್ಕೊಳ್ಲಿ. ಆಮೇಲೆ ಹೇಳ್ಬೇಕಾದ ಮಾತು:

"ಸಾರ್, ಇವ್ರು ನಮ್ಮ ಮೇಲೆ ಬಿದ್ರು, ಪ್ರಾಣಭಯಕ್ಕೆ ಹಾರಿಸ್ದೆ. ಅವ್ರು ತಂದ ಮಚ್ಚು ಅಲ್ಲಿದೆ, ಬಾಗಿಲು ನೋಡಿ, ಕ್ಯಾಮೆರಾ ಅಲ್ಲಿದೆ. ಮೂವರು ಈ ಕಡೆ ಓಡಿದ್ರು, ಒಂದು ಪಲ್ಸರ್ ಬೈಕ್. ಪಕ್ಕದ ತೋಟದವ್ರು ಕೂಗು ಕೇಳಿ ಬಂದ್ರು. ನಾನು ದೂರು ಕೊಡ್ತೀನಿ. ನಮಗೂ ಗಾಯ ಆಗಿದೆ, ಆಸ್ಪತ್ರೆಗೆ ಕಳಿಸಿ. ಉಳಿದಿದ್ದು ವಕೀಲ್ರು ಬಂದ ಮೇಲೆ ಪೂರ್ತಿ ಹೇಳ್ತೀನಿ, ನಿಮ್ಮ ತನಿಖೆಗೆ ಸಹಕಾರ ಕೊಡ್ತೀನಿ."

ಸಾಕ್ಷ್ಯ ತೋರಿಸೋದು ಯಾಕೆ ಮುಖ್ಯ ಅಂದ್ರೆ ಬೆಳಗಾಗೋದ್ರೊಳಗೆ ಆ ಮಚ್ಚು ಇರಲ್ಲ, ಚಪ್ಪಲಿ ಇರಲ್ಲ, ಊರ ಅರ್ಧ ಜನ ಅಲ್ಲಿ ಓಡಾಡಿರ್ತಾರೆ.

ಏನು ಹೇಳ್ಬಾರ್ದು ಅನ್ನೋದೇ ಕಷ್ಟದ್ದು. ಎಷ್ಟು ಅಡಿ ದೂರ, ಎಷ್ಟು ಸೆಕೆಂಡು, ಅವನು ಯಾವ ಕಡೆ ತಿರುಗಿದ್ದ, ಮೊದಲನೇ ಗುಂಡಿಗೂ ಎರಡನೇದಕ್ಕೂ ನಡುವೆ ಎಷ್ಟೊತ್ತು, ಇವು ಆ ಗಾಬರಿಯಲ್ಲಿ ಯಾರಿಗೂ ಸರಿಯಾಗಿ ನೆನಪಿರಲ್ಲ. ಅಂದಾಜಿಗೆ ಹತ್ತಡಿ ಅಂತೀರಿ, ಫೊರೆನ್ಸಿಕ್ ಲ್ಯಾಬ್ (ಎಫ್‌ಎಸ್‌ಎಲ್) ನೋರು ಚರೆ ಹರಡಿದ್ದು ನೋಡಿ ಮೂವತ್ತು ಅಂತಾರೆ, ಅಲ್ಲಿಗೆ ನೀವು ಸುಳ್ಳುಗಾರ. ಇನ್ನೊಂದು, ನಮ್ಮ ಜನಕ್ಕೆ ಬಾಯಿಗೆ ಮೊದ್ಲು ಬರೋ ಮಾತು "ಹೆದರ್ಸೋಕೆ ಅಂತ ಮೇಲಕ್ಕೆ ಹಾರಿಸ್ದೆ ಸಾರ್, ಮಿಸ್ಸಾಗಿ ತಗುಲ್ತು". ಪಾಪ, ಮೆತ್ತಗೆ ಹೇಳಿದ್ರೆ ಶಿಕ್ಷೆ ಕಮ್ಮಿ ಅಂದ್ಕೊಂಡಿರ್ತಾರೆ. ಆದ್ರೆ ಮಿಸ್ಸಾಗಿ ಅಂದ್ರೆ ಆಕಸ್ಮಿಕ, ಪ್ರಾಣ ಉಳಿಸ್ಕೊಳ್ಳೋಕೆ ಅಂದ್ರೆ ಬೇಕಂತ, ಎರಡೂ ಒಂದೇ ಬಾಯಲ್ಲಿ ನಿಲ್ಲಲ್ಲ. ನಡೆದಿದ್ದು ಯಾವುದೋ ಅದು ಮಾತ್ರ. "ಬುದ್ಧಿ ಕಲಿಸ್ಬೇಕಿತ್ತು", "ಹೋದ್ ವರ್ಷನೂ ಬದು ವಿಷ್ಯಕ್ಕೆ ಜಗಳ ಮಾಡಿದ್ದ" ಅಂತ ಹಳೇ ಪುರಾಣ ತೆಗೆದ್ರಂತೂ ಹಳೇ ದ್ವೇಷದ ಕೊಲೆ ಅನ್ನೋ ಕತೆ ಅಲ್ಲೇ ರೆಡಿ. ಆ ಜಗಳ ನಿಜವಾಗ್ಲೂ ಇದ್ರೆ ವಕೀಲ್ರಿಗೆ ಮೊದಲೇ ಹೇಳಿ. ಸುಳ್ಳಂತೂ ಯಾರ ಹತ್ರನೂ ಬೇಡ, ಗೊತ್ತಿಲ್ಲ ಅನ್ನೋದು ಸುಳ್ಳಿಗಿಂತ ಎಷ್ಟೋ ವಾಸಿ.

ಸುಮ್ನಿರೋದು ಉದ್ಧಟತನ ಅಲ್ಲ, ಕಾನೂನೇ ಕೊಟ್ಟಿದ್ದು. ಸಂವಿಧಾನದ 20(3) ಇದೆ, ನಾಗರಿಕ ಸುರಕ್ಷಾ ಸಂಹಿತೆ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದಿದ್ದು) 180ರಲ್ಲಿ ತನ್ನನ್ನೇ ಕ್ರಿಮಿನಲ್ ಆರೋಪಕ್ಕೆ ಸಿಕ್ಕಿಸೋ ಪ್ರಶ್ನೆಗೆ ಉತ್ತರ ಕೊಡ್ಬೇಕಿಲ್ಲ ಅಂತಿದೆ, 1978ರ ನಂದಿನಿ ಸತ್ಪತಿ ತೀರ್ಪೂ ಅದನ್ನೇ ಹೇಳುತ್ತೆ. ಹೇಳೋ ರೀತಿ ಮಾತ್ರ ಮೆತ್ತಗಿರ್ಲಿ, ಸೆಕ್ಷನ್ ನಂಬರ್ ಮುಖಕ್ಕೆ ಎಸೆದ್ರೆ ಇನ್‌ಸ್ಪೆಕ್ಟ್ರಿಗೆ ಕೋಪ ಬರೋದು ಬಿಟ್ರೆ ಬೇರೇನೂ ಆಗಲ್ಲ.

ಹೆಜ್ಜೆ 5: ಆಸ್ಪತ್ರೆ, ಇದನ್ನ ಬಿಡ್ಲೇಬೇಡಿ

ತರಚಿದ್ದು, ಊದಿದ್ದು, ಕುತ್ತಿಗೆಗೆ ಕೈ ಹಾಕಿ ಹಿಸುಕಿದ ಗುರುತು, ಏನೇ ಇರ್ಲಿ ಅದೇ ರಾತ್ರಿ ತೋರಿಸಿ. ಕೋಲಾರದಲ್ಲಿ ಎಸ್‌ಎನ್‌ಆರ್, ತುಮಕೂರು ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾಸ್ಪತ್ರೆ, ಇಲ್ಲಾ ತಾಲ್ಲೂಕು ಆಸ್ಪತ್ರೆ, ಎಲ್ಲಾದ್ರೂ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್ ಅಂತ ದಾಖಲು) ಆಗ್ಬೇಕು. ಪೊಲೀಸ್ ಬರ್ಲಿ ಆಮೇಲೆ ನೋಡ್ತೀವಿ ಅನ್ನೋ ಹಾಗಿಲ್ಲ, ಮೊದಲು ಚಿಕಿತ್ಸೆ ಅಂತ 1989ರಲ್ಲೇ ಪರಮಾನಂದ ಕಟಾರಾ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಡ್ಯೂಟಿ ಡಾಕ್ಟ್ರು ರಿಜಿಸ್ಟರ್ ತೆಗೆದು ಹೆಂಗಾಯ್ತು ಅಂತ ಕೇಳ್ತಾರೆ, ನೀವು ಹೇಳಿದ್ದನ್ನ ಒಂದು ಸಾಲಲ್ಲಿ ಬರ್ಕೋತಾರೆ. ಆ ಒಂದು ಸಾಲು ಮೂರು ವರ್ಷ ಆದ್ಮೇಲೆ ಕೋರ್ಟಲ್ಲಿ ಗಟ್ಟಿಯಾಗಿ ಓದ್ತಾರೆ. ಬಿದ್ದೆ, ಜಾರಿದೆ ಅನ್ಬೇಡಿ. "ರಾತ್ರಿ ಇಷ್ಟೊತ್ತಿಗೆ ಮನೆಗೆ ನುಗ್ಗಿದವ್ರು ಮಚ್ಚು, ದೊಣ್ಣೆಯಿಂದ ಹೊಡೆದ್ರು" ಅಷ್ಟೇ. ನೋವಿರೋ ಜಾಗ ಒಂದೊಂದಾಗಿ ತೋರಿಸಿ, ಬನಿಯನ್ ಬಿಚ್ಚೋಕೆ ಸಂಕೋಚ ಬೇಡ. ಆರೋಪಿ ಮೈಮೇಲಿನ ಗಾಯಕ್ಕೆ ಪ್ರಾಸಿಕ್ಯೂಷನ್ ವಿವರಣೆ ಕೊಡದೇ ಹೋದ್ರೆ ಅವ್ರ ಕತೆ ಮೇಲೆ ಅನುಮಾನ ಬರುತ್ತೆ ಅಂತ 1976ರ ಲಕ್ಷ್ಮೀ ಸಿಂಗ್ ಕೇಸಿಂದ ಕೋರ್ಟ್‌ಗಳು ಹೇಳ್ಕೊಂಡು ಬಂದಿವೆ, ಆದ್ರೆ ಗಾಯ ದಾಖಲೆಯಲ್ಲಿ ಇದ್ರೆ ತಾನೇ. ರಕ್ತ ಆದ ಬಟ್ಟೆ ಒಗೀಬೇಡಿ, ಪೊಲೀಸ್ರಿಗೆ ಕೊಡಿ.

ಹೆಜ್ಜೆ 6: ಸ್ಟೇಷನ್‌ನಲ್ಲಿ ದೂರು, ಹೇಳಿಕೆ, ಸೈನು

ಗಾಯಾಳು ಬೆಡ್ ಮೇಲೆ ಮಲಗಿದ್ರೂ ಪೊಲೀಸ್ರು ಅಲ್ಲಿಗೇ ಹೋಗಿ ಹೇಳಿಕೆ ತಗೊಂಡು ಎಫ್‌ಐಆರ್ ಮಾಡ್ತಾರೆ, ಅದರಲ್ಲಿ ನೀವು ಆರೋಪಿ. ನಿಮ್ಮ ದೂರು ತಡ ಆದ್ರೆ ಅದು ಬಚಾವಾಗೋಕೆ ಕೊಟ್ಟ ಕೌಂಟರ್ ಕೇಸ್ ಥರ ಕಾಣುತ್ತೆ. ಅದಕ್ಕೆ ವಕೀಲ್ರ ಜೊತೆ ಕೂತು ಅದೇ ದಿನ ಕೊಡಿ, ಅರ್ಧ ಪುಟ ಸಾಕು, ನುಗ್ಗಿದ್ದು, ಹಲ್ಲೆ, ಭಯ, ಪ್ರಾಣ ಉಳಿಸ್ಕೊಳ್ಳೋಕೆ ಹಾರಿಸಿದ್ದು, ಗಾಯ, ಸಾಕ್ಷಿಗಳು. ಆರೋಪಿಯೇ ಕೊಟ್ಟ ಎಫ್‌ಐಆರ್‌ನಲ್ಲಿ ತಪ್ಪೊಪ್ಪಿಗೆ ಇದ್ರೆ ಅದನ್ನ ಅವನ ವಿರುದ್ಧ ಬಳಸೋ ಹಾಗಿಲ್ಲ ಅಂತ 1965ರ ಅಘ್ನೂ ನಾಗೇಸಿಯಾ ತೀರ್ಪಿದೆ, ಆದ್ರೂ ಉದ್ದ ಬರೀಬೇಡಿ. ದೂರು ತಗೊಳ್ಳಲ್ಲ ಅಂದ್ರೆ ನಾಗರಿಕ ಸುರಕ್ಷಾ ಸಂಹಿತೆ 173(4) ಪ್ರಕಾರ (ಈ ಹೆಜ್ಜೇಲಿ ಬರೋ 181, 179, 176, 105 ಕೂಡ ಅದರದ್ದೇ) ಎಸ್‌ಪಿಗೆ ಲಿಖಿತವಾಗಿ ಕಳ್ಸಿ, ಅದೂ ಆಗಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್. ಕೋಲಾರ ಜಿಲ್ಲೆಯೋರು ನೆನಪಿಡಿ, ಕೆಜಿಎಫ್ ಪೊಲೀಸ್ ಜಿಲ್ಲೆ ಬೇರೆ, ಬಂಗಾರಪೇಟೆ, ಬೇತಮಂಗಲ ಕಡೆಯೋರ ಅರ್ಜಿ ಕೆಜಿಎಫ್ ಎಸ್‌ಪಿಗೆ ಹೋಗ್ಬೇಕು. ಎಫ್‌ಐಆರ್ ಕಾಪಿ ಫ್ರೀ, ಕೇಳಿ ತಗೊಳ್ಳಿ.

ಸೈನ್ ವಿಷ್ಯ. ದೂರಿಗೆ ಸೈನ್ ಮಾಡ್ಬೇಕು. ತನಿಖೆ ವೇಳೆ ತಗೊಳ್ಳೋ ಹೇಳಿಕೆಗೆ ಸೈನ್ ಹಾಕ್ಸೋ ಹಾಗೇ ಇಲ್ಲ, 181ರಲ್ಲಿ ಸ್ಪಷ್ಟವಾಗಿದೆ. ಆದ್ರೂ ನಮ್ಮ ಸ್ಟೇಷನ್‌ಗಳಲ್ಲಿ ರೈಟರ್ ಟೈಪ್ ಮಾಡಿದ "ಸ್ವಇಚ್ಛಾ ಹೇಳಿಕೆ" ಅನ್ನೋ ಕಾಗದ ಮುಂದೆ ಬರುತ್ತೆ, ಎಲ್ಲಾ ಕೇಸಲ್ಲೂ ಒಂದೇ ಧಾಟಿ. ಪೊಲೀಸ್ರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯ ಅಧಿನಿಯಮ 23ರಲ್ಲಿ ನಿಲ್ಲಲ್ಲ, ಆದ್ರೆ ಆ ಹೇಳಿಕೆಯಿಂದ ಏನಾದ್ರೂ ವಸ್ತು ಸಿಕ್ರೆ ಅಷ್ಟು ಭಾಗ ನಿಲ್ಲುತ್ತೆ. ವಕೀಲ್ರು ನೋಡದೆ ಸೈನ್ ಮಾಡಲ್ಲ ಸಾರ್ ಅಂತ ಹೇಳೋಕೆ ನಾಚಿಕೆ ಬೇಡ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಮನೆ ಮಾತು ತೆಲುಗು, ಅಜ್ಜಿ ತೆಲುಗಲ್ಲಿ ಹೇಳಿದ್ದನ್ನ ಕಾನ್ಸ್‌ಟೇಬಲ್ ಕನ್ನಡದಲ್ಲಿ ಬರ್ಕೋತಾರೆ, ಅಲ್ಲಿ "ಎತ್ತಿದ" ಹೋಗಿ "ಹೊಡೆದ" ಆಗಿರುತ್ತೆ. ಓದಿ ಹೇಳಿ ಅಂತ ಕೇಳಿ, ತಪ್ಪಿದ್ರೆ ತಿದ್ದಿಸಿ. ಅಂದಹಾಗೆ ಸಾಕ್ಷಿಗಳಾದ ಹೆಂಗಸರನ್ನ, 60 ದಾಟಿದೋರನ್ನ, 15ರ ಒಳಗಿನ ಮಕ್ಕಳನ್ನ ವಿಚಾರಣೆಗೆ ಅಂತ ಸ್ಟೇಷನ್‌ಗೆ ಕರೆಸೋ ಹಾಗಿಲ್ಲ, ಮನೆಗೇ ಬರ್ಬೇಕು, 179.

ಮಹಜರ್‌ಗೆ ಪಂಚರು (ಸಾಕ್ಷಿಯಾಗಿ ನಿಂತು ಸೈನ್ ಹಾಕೋರು) ಯಾರು ಅಂತ ನೋಡ್ಕೊಳ್ಳಿ. 7 ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆ ಇರೋ ಕೇಸಿಗೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರ್ಬೇಕು ಅಂತ 176ರಲ್ಲಿದೆ, ಜಪ್ತಿ ವಿಡಿಯೋ ಆಗ್ಬೇಕು ಅಂತ 105ರಲ್ಲಿ. ಬಂದೂಕಿನ ನಂಬರ್, ಎಷ್ಟು ತುಂಬಿದ ತೋಟಾ, ಎಷ್ಟು ಖಾಲಿ ತೋಟಾ, ಮಚ್ಚಿನ ಉದ್ದ, ಇವು ಮಹಜರಲ್ಲಿ ಬಂದಿವೆಯಾ ಅಂತ ವಕೀಲ್ರ ಕೈಲಿ ಓದಿಸಿ.

ಹೆಜ್ಜೆ 7: ಅರೆಸ್ಟ್ ಮಾಡಿದ್ರೆ

ಮಾಡ್ಬೋದು, ಸರಿಯಾದ ಆತ್ಮರಕ್ಷಣೆ ಆದ್ರೂ ಮಾಡ್ಬೋದು, ಯಾಕಂದ್ರೆ ಅದು ಹೌದೋ ಅಲ್ವೋ ತೀರ್ಮಾನ ಮಾಡೋದು ಕೋರ್ಟು. ತಳ್ಳಾಟ ಬೇಡ. ಯಾಕೆ ಅರೆಸ್ಟ್ ಅಂತ ಹೇಳ್ಬೇಕು, ಮನೆಯೋರಿಗೆ ತಿಳಿಸ್ಬೇಕು, ಅರೆಸ್ಟ್ ಮೆಮೋಗೆ ನಿಮ್ಮ ಸೈನ್ ಮತ್ತು ಒಬ್ಬ ಸಾಕ್ಷಿ ಸೈನ್ ಬೇಕು, ಮೆಡಿಕಲ್ ಆಗ್ಬೇಕು, ದಾರಿ ಟೈಮ್ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ವಿಚಾರಣೆ ನಡೆಯೋ ಪೂರ್ತಿ ಹೊತ್ತು ಅಲ್ದಿದ್ರೂ ನಡುವೆ ವಕೀಲ್ರನ್ನ ಭೇಟಿ ಮಾಡೋ ಹಕ್ಕು ನಾಗರಿಕ ಸುರಕ್ಷಾ ಸಂಹಿತೆ 38ರಲ್ಲಿದೆ. ವಕೀಲ್ರಿಗೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಕಸ್ಟಡಿಯಲ್ಲಿರೋ ಯಾರಿಗೇ ಆಗ್ಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲ್ರು ಸಿಗ್ತಾರೆ.

ಮ್ಯಾಜಿಸ್ಟ್ರೇಟ್ ಏನಾದ್ರೂ ಹೇಳೋದಿದೆಯಾ ಅಂತ ಕೇಳಿದಾಗ ಬಹಳ ಜನ ಕೈಮುಗಿದು ಸುಮ್ನೆ ನಿಂತ್ಬಿಡ್ತಾರೆ. ಗಾಯ ತೋರಿಸಿ, ಆಸ್ಪತ್ರೆಗೆ ಕರ್ಕೊಂಡು ಹೋಗಿಲ್ಲ ಅಂದ್ರೆ ಅದನ್ನ ಹೇಳಿ, ದೂರು ತಗೊಂಡಿಲ್ಲ ಅಂದ್ರೆ ಹೇಳಿ, ಸ್ಟೇಷನ್‌ನಲ್ಲಿ ಹೊಡೆದಿದ್ರೆ ಹೇಳಿ. ಆರ್ಡರ್ ಶೀಟಲ್ಲಿ ಬಂದಿದ್ದೇ ಲೆಕ್ಕ.

ಬಂದೂಕು ಮತ್ತೆ ಲೈಸೆನ್ಸು

ಬಂದೂಕು ಜಪ್ತಿ ಆಗಿ ಎಫ್‌ಎಸ್‌ಎಲ್‌ಗೆ ಹೋಗುತ್ತೆ, ಬೇಗ ಬರಲ್ಲ. ಲೈಸೆನ್ಸ್ ಯಾಕೆ ರದ್ದು ಮಾಡ್ಬಾರ್ದು ಅಂತ ಡಿಸಿ ಆಫೀಸಿಂದ ನೋಟಿಸ್ ಬರ್ಬೋದು, ಆರ್ಮ್ಸ್ ಆಕ್ಟ್ 17, ಅದಕ್ಕೆ ಕೊಡೋ ಉತ್ತರನೂ ವಕೀಲ್ರೇ ಬರೀಲಿ, ನೀವು ಅಲ್ಲೊಂದು ಇಲ್ಲೊಂದು ಬರೆದ್ರೆ ಕೇಸಲ್ಲಿ ತಂದು ತೋರಿಸ್ತಾರೆ. ತಾತನ ಹೆಸರಲ್ಲೇ ಲೈಸೆನ್ಸ್ ಬಿಟ್ಕೊಂಡಿರೋರು, ನಾಡಬಂದೂಕು ಇಟ್ಕೊಂಡಿರೋರು ಇದ್ದಾರೆ, ಪ್ರಾಣ ಉಳಿಸ್ಕೊಳ್ಳೋ ಹಕ್ಕು ಲೈಸೆನ್ಸ್ ಕೇಳಿ ಬರಲ್ಲ, ಆದ್ರೆ ಆರ್ಮ್ಸ್ ಆಕ್ಟ್ ಕೇಸ್ ಪ್ರತ್ಯೇಕವಾಗಿ ಬಿದ್ದೇ ಬೀಳುತ್ತೆ, ಆ ಭಯಕ್ಕೆ ಬಂದೂಕು ಬಚ್ಚಿಟ್ರೆ ಮೇಲೆ ಹೇಳಿದ 238ನೂ ಸೇರ್ಕೊಳ್ಳುತ್ತೆ.

ಮನುಷ್ಯರಲ್ಲ, ಕರಡಿ ಮೈಮೇಲೆ ಬಿದ್ದು ಹಾರಿಸಿದ್ದು ಅಂದ್ರೆ 112 ಜೊತೆ ಆರ್‌ಎಫ್‌ಓಗೂ (ವಲಯ ಅರಣ್ಯಾಧಿಕಾರಿ) ಫೋನ್ ಮಾಡಿ. ಪ್ರಾಣರಕ್ಷಣೆಗೆ ಸದುದ್ದೇಶದಿಂದ ಹೊಡೆದ್ರೆ 1972ರ ವನ್ಯಜೀವಿ ಕಾಯ್ದೆ 11ರಲ್ಲಿ ಅಪರಾಧ ಅಲ್ಲ, ಆದ್ರೆ ಸತ್ತ ಪ್ರಾಣಿ ಸರ್ಕಾರದ್ದು, ಉಗುರು ಕೂದಲು ಕೂಡ ಕೀಳೋ ಹಾಗಿಲ್ಲ, ತಾಯತ ಮಾಡಿಸೋಣ ಅಂತ ಹೊರಡೋ ದೊಡ್ಡಪ್ಪನ್ನ ಮೊದ್ಲು ಹಿಡ್ಕೊಳ್ಳಿ.